ಮೂರಕ್ಷರದ ಲೇಖಕರು

ಕನ್ನಡದ ಓದುಗರು ತಮ್ಮ ಲೇಖಕರನ್ನು ಪೂರ್ಣನಾಮದಿಂದ ಕರೆಯುವುದು ಅಪರೂಪ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರು ಕುವೆಂಪು. ಪುರೋಹಿತ ತಿರುನಾರಾಯಣ ನರಸಿಂಹಾಚಾರ್ಯರು ಪುತಿನ. ತಳುಕಿನ ಸುಬ್ಬರಾಯರು ತರಾಸು. ತಂದೆಗೆ ಸಂದ ಮೂರಕ್ಷರ ಮಗನಿಗೂ ಸಂದು, ಪೂರ್ಣಚಂದ್ರ ತೇಜಸ್ವಿಯವರು ಪೂಚಂತೇ ಆದರು. ಅಪರಿಚಿತನೊಬ್ಬನು ನಮ್ಮ ಸಾಹಿತ್ಯಗೋಷ್ಠಿಯ ಮೂಲೆಯಲ್ಲಿ ಕುಳಿತು ಈ ಮಾತುಗಳನ್ನು ಕೇಳಿದರೆ, ಇವು ಯಾವುವೋ ಗಿಡಮೂಲಿಕೆಗಳ ಹೆಸರುಗಳೆಂದು ಭ್ರಮಿಸಿಯಾನು.

ಇದು ಬರಿಯ ವಿನೋದವಲ್ಲ. ಇಂತಹ ಹೆಸರುಗಳಲ್ಲಿ ಕೆಲವೊಮ್ಮೆ ಒಂದು ವಿಮರ್ಶೆಯೇ ಅಡಗಿರುವುದುಂಟು. ಶ್ರೀಕಂಠಯ್ಯನವರದನ್ನೇ ನೋಡಿರಿ. ‘ಬಿಎಂಶ್ರೀ’ ಎಂಬಲ್ಲಿ ಮೊದಲೆರಡು ಇಂಗ್ಲಿಷಿನ ಅಕ್ಷರಗಳು, ಕೊನೆಯದು ಕನ್ನಡದ್ದು. ‘ಇಂಗ್ಲಿಷ್ ಗೀತಗಳು’ ಎಂಬ ಕನ್ನಡ ಕಾವ್ಯವನ್ನು ಕೊಟ್ಟವರಿಗೆ ಇದಕ್ಕಿಂತ ಒಪ್ಪುವ ಹೆಸರನ್ನು ಪಂಡಿತಮಂಡಲಿಯೂ ಹುಡುಕಲಾರದು. ಬೀಚಿಯವರಾದರೋ ತಮ್ಮ ಹೆಸರಿನ ಮೊದಲ ಅಕ್ಷರವನ್ನು ಕನ್ನಡದಲ್ಲಿಯೂ ಎರಡನೆಯದನ್ನು ಇಂಗ್ಲಿಷ್ ಲಿಪಿಯಲ್ಲಿಯೂ ಬರೆದುಕೊಂಡು, ಓದುಗನು ಹಾಸ್ಯಮಾಡುವ ಮುನ್ನ ತಾವೇ ಮಾಡಿ ಮುಗಿಸಿದರು. 1942ರಲ್ಲಿ ‘ಕೊರವಂಜಿ’ಯನ್ನು ಆರಂಭಿಸಿದ ಡಾಕ್ಟರ್ ಶಿವರಾಂ ಅವರು ‘ರಾಶಿ’ಯಾದುದೂ ಸೊಗಸೇ.

ಅಕ್ಷರಗಳಿಗೆ ಒಗ್ಗದವರನ್ನು ಊರಿನ ಹೆಸರಿನಿಂದ ಹಿಡಿದೆವು. ಗೊರೂರು ಎಂದರೆ ರಾಮಸ್ವಾಮಿ ಅಯ್ಯಂಗಾರ್ಯರು. ಮಾಸ್ತಿ ಎಂದರೆ ಕೋಲಾರದ ಕಡೆಯ ಊರೊಂದು ಯಾರ ನೆನಪಿಗೂ ಬಾರದು.

ನಮ್ಮ ತಕರಾರಿರುವುದು ಇಲ್ಲಿಯೇ. ‘ಮಾಸ್ತಿ ಕನ್ನಡದ ಆಸ್ತಿ’ ಎಂಬ ಪ್ರಾಸವು ಎಷ್ಟು ಸಲೀಸಾಗಿ ನಾಲಗೆಗೆ ಬಂದಿತೆಂದರೆ, ಆಸ್ತಿಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದವರಂತೆ ನಾವು ‘ಸುಬ್ಬಣ್ಣ’ನನ್ನೂ ‘ಚಿಕವೀರ ರಾಜೇಂದ್ರ’ನನ್ನೂ ತೆರೆದು ನೋಡುವ ಗೋಜಿಗೇ ಹೋಗದಾದೆವು. ಕಾರಂತರಿಗಾದ ಅನ್ಯಾಯ ಇನ್ನೂ ಹೆಚ್ಚಿನದು. ‘ಕಡಲ ತೀರದ ಭಾರ್ಗವ’ ಎಂದು ಕರೆದು ಅವರ ಕೈಗೆ ಕೊಡಲಿಯನ್ನು ಕೊಟ್ಟೆವು. ಮನುಷ್ಯರು ಮುಂಗೋಪಿಗಳೆಂಬುದು ಸತ್ಯವೇ ಇದ್ದೀತು. ಆದರೆ ‘ಮರಳಿ ಮಣ್ಣಿಗೆ’ಯಲ್ಲಿ ಸರಸೋತಿಯ, ನಾಗವೇಣಿಯ ಬಾಳನ್ನು ಅಷ್ಟು ತಾಳ್ಮೆಯಿಂದ ಕಂಡ ಕಣ್ಣಿನಲ್ಲಿ ಪರಶುರಾಮನನ್ನು ಹುಡುಕುವುದೆಂತು? ಎಳೆಯ ಓದುಗನು ಮೊದಲು ಬಿರುದನ್ನು ಕೇಳಿ ಆಮೇಲೆ ಪುಸ್ತಕವನ್ನು ಹಿಡಿಯುತ್ತಾನೆ. ಸಿಟ್ಟನ್ನು ಅರಸುತ್ತ ಹೋದವನಿಗೆ ಕರುಣೆಯು ಕಾಣದೆ ಹೋದರೆ ತಪ್ಪು ಅವನದಲ್ಲ. ಓದಿ ಮುಗಿಸಿದವನು ಸಲಿಗೆಯಿಂದ ಇಟ್ಟ ಹೆಸರು ಒಂದು ಬಗೆ. ಓದದವನು ಓದಿದಂತೆ ತೋರಿಕೊಳ್ಳಲು ಹಿಡಿದ ಹೆಸರು ಮತ್ತೊಂದು ಬಗೆ. ಕುವೆಂಪು ಎಂಬ ಮಾತಿನಲ್ಲಿ ಇವೆರಡೂ ಈಗ ಬೆರೆತುಹೋಗಿವೆ.

ಇನ್ನೊಂದು ವಿಚಾರವನ್ನು ಹೇಳದೆ ಬಿಡಲಾಗದು. ಈ ಸಲಿಗೆಯು ನಮ್ಮ ಲೇಖಕಿಯರವರೆಗೆ ಹೋಗಲೇ ಇಲ್ಲ. ಅನಸೂಯಾ ಶಂಕರರು ತ್ರಿವೇಣಿಯೆಂಬ ಹೆಸರನ್ನು ಹೊದ್ದು ಬರೆದರು. ಜಾನಕಿ ಶ್ರೀನಿವಾಸಮೂರ್ತಿಯವರಿಗೆ ವೈದೇಹಿ ಎಂದು ಹೆಸರಿಟ್ಟವರು ಅವರ ಕಥೆಯನ್ನು ಅಚ್ಚುಹಾಕಿದ ಪತ್ರಿಕೆಯ ಸಂಪಾದಕರು. ಅವು ಮರೆಯ ಹೆಸರುಗಳು, ಓದುಗರು ಒಲಿದು ಮೊಟಕುಮಾಡಿದವಲ್ಲ. ಎಂ. ಕೆ. ಇಂದಿರಾ ಅವರಿಗಾದರೋ ಅಕ್ಷರಗಳು ಹೆಸರಿನ ಮುಂದೆ ಸಿದ್ಧವಾಗಿಯೇ ಇದ್ದುವು. ಆದರೂ ‘ಫಣಿಯಮ್ಮ’ವನ್ನು ಎರಡೆರಡು ಸಲ ಓದಿದ ಮನೆಗಳಲ್ಲಿಯೂ ಅವರನ್ನು ‘ಎಂಕೆಇ’ ಎಂದುದು ನಮ್ಮ ಕಿವಿಗೆ ಇದುವರೆಗೆ ಬಿದ್ದಿಲ್ಲ.