‘ಪವರ್’ ಎಂಬ ಪದವೂ ನಮ್ಮ ‘ಶಕ್ತಿ’ಯೂ

ಇಂಗ್ಲಿಷಿನ ಅರ್ಥವನ್ನು ಕನ್ನಡಕ್ಕೆ ತರತಕ್ಕವರನ್ನು ದೊಡ್ಡ ಶಬ್ದಗಳಿಗಿಂತ ಸಣ್ಣ ಶಬ್ದಗಳೇ ಹೆಚ್ಚಾಗಿ ಮೋಸಗೊಳಿಸುತ್ತವೆ. ದೊಡ್ಡ ಶಬ್ದವನ್ನು ಕಂಡೊಡನೆ ಎಚ್ಚರವುಳ್ಳವನು ನಿಘಂಟನ್ನು ತೆರೆಯುತ್ತಾನೆ; ಬಾಲ್ಯದಿಂದ ಕಿವಿಗೆ ಬಿದ್ದಿರುವ ಎರಡಕ್ಷರದ ಮಾತಿಗೆ ಯಾರು ತಾನೆ ನಿಘಂಟು ತೆರೆದಾರು? ‘ಪವರ್’ ಎಂಬುದು ಅಂತಹ ಮಾತು. ಇದನ್ನು ನಾವು ಕನ್ನಡದಲ್ಲಿ ಹೇಗೆ ನಡೆಯಿಸಿಕೊಂಡು ಬಂದಿದ್ದೇವೆಂಬುದನ್ನು ಇಲ್ಲಿ ಸ್ವಲ್ಪ ವಿಮರ್ಶಿಸೋಣ.

ಇಂಗ್ಲಿಷಿನಲ್ಲಿ ಈ ಪದವು ಮಾಡುವ ಕೆಲಸಗಳು ಒಂದೆರಡಲ್ಲ. ಮಂತ್ರಿಯ ಕೈಯಲ್ಲಿರುವ ಅಧಿಕಾರವೂ ಪವರ್. ಜಟ್ಟಿಯ ತೋಳಿನ ಬಲವೂ ಪವರ್. ತಂತಿಯಲ್ಲಿ ಬರುವ ವಿದ್ಯುತ್ತು, ಗಣಿತದಲ್ಲಿ ಒಂದು ಸಂಖ್ಯೆಯ ಘಾತ, ಕನ್ನಡಕದ ಗಾಜು ಬೆಳಕನ್ನು ಬಗ್ಗಿಸುವ ಸಾಮರ್ಥ್ಯ, ಮತ್ತೊಬ್ಬನ ಪರವಾಗಿ ವ್ಯವಹರಿಸಲು ಬರೆದುಕೊಡುವ ಮುಖ್ತಾರ್‌ನಾಮೆ, ಕಡೆಗೆ ಸೈನ್ಯಬಲವುಳ್ಳ ರಾಷ್ಟ್ರ, ಇವೆಲ್ಲಕ್ಕೂ ಅದೊಂದೇ ಹೆಸರು. ನಮ್ಮಲ್ಲಿ ಇವಕ್ಕೆ ಒಂದೊಂದಕ್ಕೂ ಬೇರೆ ಬೇರೆ ಮಾತುಂಟು. ಹೀಗಿದ್ದರೂ ಭಾಷಾಂತರಕಾರರು ಅನೇಕ ವೇಳೆ ಎಲ್ಲ ಕಡೆಗೂ ‘ಶಕ್ತಿ’ ಎಂಬ ಒಂದನ್ನೇ ಹಾಕಿ ಮುಂದಕ್ಕೆ ಸಾಗುತ್ತಾರೆ.

ಇದಕ್ಕೆ ಕಾರಣವಿಲ್ಲದೆ ಇಲ್ಲ. ‘ಪವರ್’ ಶಬ್ದವು ಹಳೆಯ ಫ್ರೆಂಚಿನ ಮೂಲಕ ಲ್ಯಾಟಿನ್ನಿನ ಒಂದು ಕ್ರಿಯಾಪದದಿಂದ ಬಂದುದು. ಅದಕ್ಕೆ ‘ಮಾಡಬಲ್ಲವನಾಗು’ ಎಂದು ಅರ್ಥ. ಸಂಸ್ಕೃತದ ‘ಶಕ್’ ಧಾತುವಿಗೂ ಅದೇ ಅರ್ಥ. ಹಳಗನ್ನಡದ ‘ಆರ್’ ಎಂಬುದಕ್ಕೂ, ಅದರಿಂದ ಹುಟ್ಟಿದ ‘ಆರ್ಪು’ ಎಂಬುದಕ್ಕೂ ಅದೇ. ಮೂರು ಭಾಷೆಗಳೂ ಒಂದೇ ಭಾವನೆಯಿಂದ ಹೊರಟಿವೆ. ಆದರೆ ಹೊರಟ ಊರು ಒಂದಾದ ಮಾತ್ರಕ್ಕೆ ಸೇರುವ ಊರು ಒಂದಾಗಬೇಕೆಂಬ ನಿಯಮವಿಲ್ಲ. ರೂಢಿಯು ಯೋಗಾರ್ಥವನ್ನು ಹಿಂದಕ್ಕೆ ತಳ್ಳುವುದೆಂದು ಶಾಸ್ತ್ರಜ್ಞರು ಹೇಳುವುದು ಇದನ್ನೇ. ಕೆಸರಿನಲ್ಲಿ ಹುಟ್ಟಿದುದೆಲ್ಲ ಪಂಕಜವಾಗುವುದಿಲ್ಲವಷ್ಟೆ.

ಅದೂ ಅಲ್ಲದೆ, ಇಂಗ್ಲಿಷಿನ ಹೊರೆ ಬೀಳುವುದಕ್ಕೆ ಮೊದಲೇ ‘ಶಕ್ತಿ’ಯ ತಲೆಯ ಮೇಲೆ ಬೇಕಾದಷ್ಟು ಹೊರೆಯಿದ್ದಿತು. ರಾಜನೀತಿಯಲ್ಲಿ ಪ್ರಭುಶಕ್ತಿ, ಮಂತ್ರಶಕ್ತಿ, ಉತ್ಸಾಹಶಕ್ತಿಗಳೆಂದು ಮೂರು. ಕುಮಾರಸ್ವಾಮಿಯ ಕೈಯಲ್ಲಿ ಅದು ಆಯುಧ. ಶಿವನ ಪಕ್ಕದಲ್ಲಿ ದೇವಿ. ಮಧುಗಿರಿಯ ದಂಡಿನ ಮಾರಮ್ಮನ ಗುಡಿಯ ಮುಂದೆ ಕೈಮುಗಿಯುವವರಿಗೆ ಶಕ್ತಿಯೆಂದರೆ ಆ ತಾಯಿಯೇ. ಪದಕ್ಕೂ ಅರ್ಥಕ್ಕೂ ಇರುವ ಸಂಬಂಧವನ್ನು ಕೂಡ ನೈಯಾಯಿಕರು ಶಕ್ತಿಯೆಂದೇ ಕರೆದರು. 2023ರ ಜೂನ್ 11ರಂದು ಮೊದಲಾದ ಹೆಂಗಸರ ಉಚಿತ ಬಸ್ ಪ್ರಯಾಣದ ಯೋಜನೆಗೂ ಸರ್ಕಾರದವರು ಇಟ್ಟ ಹೆಸರು ಶಕ್ತಿ. ಇಷ್ಟನ್ನು ಹೊತ್ತ ಪದದ ಮೇಲೆ ‘ಪವರ್’ ಶಬ್ದದ ಸಂಸಾರವನ್ನೆಲ್ಲ ಹೇರುವುದು ಯಾವ ನ್ಯಾಯ?

ಒಂದು ಪದಕ್ಕೆ ಹಲವು ಅರ್ಥಗಳಿರುವುದು ದೋಷವೆಂದು ನಾನು ಹೇಳುತ್ತಿಲ್ಲ. ಅಮರಸಿಂಹನು ತನ್ನ ಕೋಶದ ಮೂರನೆಯ ಕಾಂಡದಲ್ಲಿ ನಾನಾರ್ಥಗಳಿಗೆ ಒಂದು ವರ್ಗವನ್ನೇ ಮೀಸಲಿಟ್ಟನು. ನಮ್ಮ ಇಮ್ಮಡಿ ನಾಗವರ್ಮನು ‘ಅಭಿಧಾನವಸ್ತುಕೋಶ’ದಲ್ಲಿ ಅವಕ್ಕೆ ಸ್ಥಳ ಕೊಟ್ಟನು. ‘ಸೈಂಧವವನ್ನು ತಾ’ ಎಂದರೆ ಊಟದ ಎಲೆಯ ಮುಂದೆ ಉಪ್ಪು, ಪ್ರಯಾಣದ ಹೊತ್ತಿನಲ್ಲಿ ಕುದುರೆ ಎಂಬುದು ಪಾಠಶಾಲೆಯ ಹುಡುಗನಿಗೂ ಗೊತ್ತು. ಹೀಗೆ ಅರ್ಥವನ್ನು ನಿರ್ಣಯಿಸುವುದಕ್ಕೆ ಪ್ರಕರಣ, ಸಾಹಚರ್ಯ, ಔಚಿತ್ಯ, ದೇಶ, ಕಾಲ ಮುಂತಾದ ಸಾಧನಗಳನ್ನು ಭರ್ತೃಹರಿಯು ‘ವಾಕ್ಯಪದೀಯ’ದಲ್ಲಿ ಎಣಿಸಿದ್ದಾನೆ. ಇಂಗ್ಲಿಷನು ‘ಪವರ್’ ಎಂದಾಗ ಅವನಿಗೆ ಪ್ರಕರಣವು ಹುಟ್ಟಿನಿಂದ ಬಂದ ಒಡನಾಡಿ. ನಾವು ಪದವನ್ನು ಮಾತ್ರ ಎತ್ತಿಕೊಂಡು ಪ್ರಕರಣವನ್ನು ಅಲ್ಲಿಯೇ ಬಿಟ್ಟು ಬರುತ್ತೇವೆ. ದೋಷವಿರುವುದು ಇಲ್ಲಿ.

ಈ ವಿಷಯದಲ್ಲಿ ಓದಿದವರಿಗಿಂತ ನಮ್ಮ ಹಳ್ಳಿಯವರು ಜಾಣರೆಂದು ಹೇಳಿದರೆ ವಾಚಕರು ಕೋಪಿಸಲಾಗದು. ಕೊರಟಗೆರೆಯ ತೋಟದವನಿಗೆ ತಂತಿಯಲ್ಲಿ ಬರುವುದು ‘ಕರೆಂಟು’, ಮೋಟಾರಿಗಿರುವುದು ‘ಎಚ್.ಪಿ.’, ಕನ್ನಡಕಕ್ಕೂ ಮುಖಂಡನಿಗೂ ಇರುವುದು ಮಾತ್ರ ‘ಪವರ್’, ಎತ್ತಿಗಿರುವುದು ಕಸುವು, ಮುದುಕನಿಗೆ ಇಲ್ಲದಿರುವುದು ತ್ರಾಣ. 1687ರಿಂದ ಸಿರಾ ಪಟ್ಟಣವು ಮೊಗಲರ ಸುಬೆಯ ಕೇಂದ್ರವಾಗಿದ್ದುದರಿಂದ ಪಾರಸಿಯ ಆಡಳಿತದ ಮಾತುಗಳು ಈ ಸೀಮೆಗೆ ಹೊಸವಲ್ಲ. ‘ತಾಕತ್ತು’ ಎಂಬುದೂ ಅವನ ಬಾಯಲ್ಲಿದೆ. ಆತನು ಅನ್ಯಭಾಷೆಯಿಂದ ಸಾಲ ತಂದಿರುವುದು ನಿಜ. ಆದರೆ ವಸ್ತುವಿಗೊಂದು ಮಾತಿನಂತೆ ತಂದಿದ್ದಾನೆ; ಒಂದನ್ನು ಇನ್ನೊಂದೆಂದು ಭ್ರಮಿಸುವುದಿಲ್ಲ.

ಭ್ರಮೆಯಿಂದ ಆಗುವ ನಷ್ಟಕ್ಕೆ ನಮ್ಮ ಜಿಲ್ಲೆಯಲ್ಲಿಯೇ ನಿದರ್ಶನವಿದೆ. ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ ಐದು ಗ್ರಾಮಗಳ ಸುಮಾರು 13,000 ಎಕರೆ ಭೂಮಿಯಲ್ಲಿ ಸೂರ್ಯನ ಬಿಸಿಲಿನಿಂದ ವಿದ್ಯುತ್ತನ್ನು ಪಡೆಯುವ ಸ್ಥಾವರವು ನಿಂತಿದೆ. ಅದು 2018ರಲ್ಲಿ ಕೆಲಸಕ್ಕೆ ಮೊದಲಾಗಿ 2019ರ ಅಂತ್ಯಕ್ಕೆ 2,050 ಮೆಗಾವ್ಯಾಟ್‌ಗಳನ್ನು ಮುಟ್ಟಿತು. ಅದಕ್ಕೆ ಇಟ್ಟ ಹೆಸರೂ ‘ಶಕ್ತಿಸ್ಥಳ’. ಪತ್ರಿಕೆಗಳು ಇಂತಹ ಸ್ಥಾವರದ ವಿಷಯದಲ್ಲಿ ‘ಇಷ್ಟು ಮೆಗಾವ್ಯಾಟ್ ಶಕ್ತಿಯ ಉತ್ಪಾದನೆ’ ಎಂದು ಬರೆಯುವುದುಂಟು. ಮೆಗಾವ್ಯಾಟ್ ಎಂಬುದು ಉತ್ಪಾದನೆಯ ಮೊತ್ತವಲ್ಲ, ಅದರ ವೇಗ. ವಿಜ್ಞಾನದ ಪಠ್ಯಗಳಲ್ಲಿ ‘ಎನರ್ಜಿ’ಗೆ ಶಕ್ತಿಯೆಂದೂ ‘ಪವರ್’ಗೆ ಸಾಮರ್ಥ್ಯವೆಂದೂ ‘ಫೋರ್ಸ್’ಗೆ ಬಲವೆಂದೂ ಸರಿಯಾಗಿಯೇ ವಿಂಗಡಿಸಿದ್ದಾರೆ. ಆದರೆ ಹುಡುಗನು ತರಗತಿಯಲ್ಲಿ ಕಲಿತುದನ್ನು ಪತ್ರಿಕೆಯು ಮರುದಿನವೇ ಅಳಿಸಿಬಿಡುತ್ತದೆ.

ಪಾವಗಡದ ರೈತನಿಗೆ ಇದನ್ನು ತಿಳಿಸುವುದು ಕಷ್ಟವೇನಲ್ಲ. ಕೊಳವೆಬಾವಿಯಲ್ಲಿ ‘ಎರಡಿಂಚು ನೀರು’ ಎಂದು ಆತನು ಹೇಳುವುದು ನೀರು ಬರುವ ವೇಗ. ಸಂಜೆಗೆ ತೊಟ್ಟಿಯಲ್ಲಿ ನಿಂತಿರುವುದು ಮೊತ್ತ. ಮೆಗಾವ್ಯಾಟ್ ಎಂಬುದು ಆ ಇಂಚು. ಬಿಲ್ಲಿನಲ್ಲಿ ಕಾಣುವ ಯೂನಿಟ್ ಆ ತೊಟ್ಟಿಯ ನೀರು. 2,050 ಮೆಗಾವ್ಯಾಟ್ ಸ್ಥಾವರವು ಪೂರ್ಣ ಸಾಮರ್ಥ್ಯದಿಂದ ಒಂದು ಗಂಟೆ ನಡೆದರೆ 20.5 ಲಕ್ಷ ಯೂನಿಟ್, ಮೋಡ ಕವಿದರೆ ಅದಕ್ಕಿಂತ ಕಡಮೆ, ರಾತ್ರಿಯಲ್ಲಿ ಸೊನ್ನೆ. ಭೂಮಿಯನ್ನು ವರ್ಷಕ್ಕೆ ಎಕರೆಗೆ 21,000 ರೂಪಾಯಿಯಂತೆ ಗುತ್ತಿಗೆಗೆ ಕೊಡಲೊಪ್ಪಿದ ರೈತನು ತನ್ನ ನೆಲದಿಂದ ಏನು ಹೊರಡುತ್ತಿದೆ, ಎಷ್ಟು ಹೊರಡುತ್ತಿದೆ ಎಂದು ಕೇಳಿದರೆ, ಅದಕ್ಕೆ ತಕ್ಕ ಮಾತು ಅವನ ಭಾಷೆಯಲ್ಲಿ ಇರಬೇಡವೆ?

ಇನ್ನು ಕಾಗದಪತ್ರಗಳ ವಿಷಯ. ‘ಪವರ್ ಬರೆದುಕೊಟ್ಟಿದ್ದೇನೆ’ ಎಂದು ಹೇಳುವ ಅವಿದ್ಯಾವಂತನು ತಾನು ಜಮೀನನ್ನೇ ಕೊಟ್ಟೆನೆಂದು ತಿಳಿಯಬಹುದು. ಬರೆಸಿಕೊಂಡವನು ತಾನೇ ಒಡೆಯನೆಂದು ಬೀಗಬಹುದು. ಅಂತಹ ಪತ್ರ ಒಂದರಿಂದಲೇ ಸ್ಥಿರಾಸ್ತಿಯ ಒಡೆತನವು ವರ್ಗವಾಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಸ್ಪಷ್ಟವಾಗಿ ಹೇಳಿದೆ. ‘ಅಧಿಕಾರಪತ್ರ’ ಎಂದಾಗಲಿ, ಹಿಂದಿನಂತೆ ‘ಮುಖ್ತಾರ್‌ನಾಮೆ’ ಎಂದಾಗಲಿ ಹೇಳಿದ್ದರೆ, ಕೊಟ್ಟುದು ಕೆಲಸ ಮಾಡುವ ಅಧಿಕಾರವೇ ಹೊರತು ಭೂಮಿಯಲ್ಲವೆಂಬುದು ಮಾತಿನಲ್ಲಿಯೇ ಹೊಳೆಯುತ್ತಿದ್ದಿತು.

ಒಂದು ಇಂಗ್ಲಿಷ್ ಪದಕ್ಕೆ ಒಂದೇ ಕನ್ನಡ ಪದವನ್ನು ಗೊತ್ತುಮಾಡಿದರೆ ಏಕರೂಪತೆ ಇರುವುದೆಂದು ಕೆಲವರು ವಾದಿಸಬಹುದು. ಒಂದು ಶಾಸ್ತ್ರದ ಒಳಗೆ ಆ ಮಾತು ಒಪ್ಪತಕ್ಕದ್ದೇ. ಭೌತವಿಜ್ಞಾನದಲ್ಲಿ ಸಾಮರ್ಥ್ಯವೆಂದರೆ ಸಾಮರ್ಥ್ಯವೇ ಆಗಿರಲಿ. ಆದರೆ ಶಾಸ್ತ್ರದಿಂದ ಶಾಸ್ತ್ರಕ್ಕೆ, ಶಾಸ್ತ್ರದಿಂದ ಸಂತೆಗೆ ಅದೇ ನಿಯಮವನ್ನು ಹಿಗ್ಗಿಸಿದರೆ, ಏಕರೂಪತೆ ಇಂಗ್ಲಿಷಿಗೆ, ಗೊಂದಲ ಕನ್ನಡಕ್ಕೆ. ಅಧಿಕಾರ, ಬಲ, ಸಾಮರ್ಥ್ಯ, ಘಾತ, ವಿದ್ಯುತ್ತು, ಕಸುವು, ತ್ರಾಣ ಎಂದು ಮನೆಯಲ್ಲಿ ಏಳು ಪಾತ್ರೆಗಳಿರುವಾಗ ಎಲ್ಲ ಅಡಿಗೆಯನ್ನೂ ಒಂದರಲ್ಲಿಯೇ ಬೇಯಿಸುವುದು ಮಿತವ್ಯಯವೆನಿಸದು. ಉಳಿದ ಆರಕ್ಕೂ ತುಕ್ಕು ಹಿಡಿಯುತ್ತದೆ.

ಆದುದರಿಂದ ಬರೆಯುವವರಲ್ಲಿಯೂ ಪಾಠ ಹೇಳುವವರಲ್ಲಿಯೂ ನನ್ನ ವಿಜ್ಞಾಪನೆ ಇಷ್ಟೇ: ‘ಪವರ್’ ಶಬ್ದವು ಎದುರಾದಾಗ, ಯಾರಿಗೆ, ಏನನ್ನು ಮಾಡುವ ಪವರ್ ಎಂದು ಮೊದಲು ಕೇಳಿಕೊಳ್ಳಿರಿ. ಆ ಪ್ರಶ್ನೆಗೆ ಬಂದ ಉತ್ತರದಲ್ಲಿಯೇ ಕನ್ನಡದ ಮಾತು ಸಿದ್ಧವಾಗಿರುತ್ತದೆ.