ಕರಣೆಯ ಕಪ್ಪಿನಿಂದ ಬಿದರಿಯ ಕಪ್ಪಿಗೆ

ಈ ವಾರ ಮರಳು ಕುಣಿಯುವ ವಿಡಿಯೊಗಳ ಬಗ್ಗೆ ಬರೆಯುತ್ತೇನೆಂದು ಹೋದ ವಾರವೇ ಹೇಳಿಬಿಟ್ಟಿದ್ದೆ. ಲೋಹದ ತಟ್ಟೆಯ ಮೇಲೆ ಮರಳು ಉದುರಿಸಿ, ಅಂಚಿಗೆ ಪಿಟೀಲಿನ ಕಮಾನು ತೀಡಿ ಚಿತ್ತಾರ ಮೂಡಿಸುವ ಕ್ಲಾಡ್ನಿಯ ಆಟ 1787ರಷ್ಟು ಹಳೆಯದು. ಅದಕ್ಕೇ ಹಾಡು ಕಟ್ಟಿ ನೈಜೆಲ್ ಸ್ಟ್ಯಾನ್‌ಫೋರ್ಡ್ 2014ರಲ್ಲಿ ಬಿಟ್ಟ ‘ಸೈಮ್ಯಾಟಿಕ್ಸ್’ ವಿಡಿಯೊ ಈ ಅಂಕಣದ ಕಾಯಂ ಗಿರಾಕಿಗಳಿಗೆ ಬಾಯಿಪಾಠ. ನನಗೆ ಹೇಳಬೇಕಿದ್ದದ್ದು ಸಿ.ವಿ. ರಾಮನ್ ಅವರ ವಿಷಯ. ಬೆಂಗಳೂರಿಗೆ ಬಂದ ಮರುವರ್ಷ, 1934ರಲ್ಲಿ, ಅವರು ನಮ್ಮ ಚರ್ಮವಾದ್ಯಗಳ ಮೇಲೊಂದು ಪ್ರಬಂಧ ಪ್ರಕಟಿಸಿದರು. ಮೃದಂಗದ ಮುಚ್ಚಿಗೆಯ ಮೇಲೆ ಸಣ್ಣ ಮರಳು ಉದುರಿಸಿ ನುಡಿಸಿದರೆ ಚರ್ಮ ಅಲುಗದ ಜಾಗಗಳಲ್ಲಿ ಮರಳು ಗೆರೆ ಕಟ್ಟಿ ನಿಲ್ಲುತ್ತದೆ; ಅದರ ಫೋಟೊಗಳನ್ನೇ ಅಚ್ಚು ಹಾಕಿಸಿದರು. ಬರೀ ಚರ್ಮ ಬಿಗಿದ ವಾದ್ಯದ ಮೇಲ್‌ಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ನಡುವೆ ಕರಣೆ ಕೂರಿಸಿ ಭಾರ ಕೊಟ್ಟರೆ ಅವೇ ಸ್ವರಗಳು ತಂತಿವಾದ್ಯದ ಹಾಗೆ ಎರಡು ಪಟ್ಟು, ಮೂರು ಪಟ್ಟು ಲೆಕ್ಕಕ್ಕೆ ಬಂದು ಕೂರುತ್ತವೆ. ಮೃದಂಗ, ತಬಲಾಗಳ ಆ ಕಪ್ಪು ಬಿಲ್ಲೆಯ ಗುಟ್ಟು ಅಷ್ಟೇ. ಅಷ್ಟೇ ಅನ್ನುವಷ್ಟು ಸಣ್ಣದಲ್ಲ ಅನ್ನಿ.

ಬರೆಯುತ್ತ ಇಲ್ಲಿಗೆ ಬರುವಷ್ಟರಲ್ಲಿ ನಿರ್ಣಾದ ಓದುಗರೊಬ್ಬರ ಫೋನು. “ಸರ, ಪರದೇಶದ ಮಂದಿ ವಿಡಿಯೊ ಬಗ್ಗೆನೇ ಬರೀತೀರಿ. ನಮ್ಮ ಬೀದರದಾಗ ನೋಡುವಂಥದ್ದು ಏನೂ ಇಲ್ಲೇನ್ರಿ?” ಇದೆ. ಅದೂ ಕಪ್ಪೇ. ಹಾಗಾಗಿ ರಾಮನ್ ಇನ್ನೊಂದು ವಾರ ಕಾಯಲಿ, ಅವರಿಗೇನೂ ಅವಸರವಿಲ್ಲ.

ಬಿದರಿ ಪಾತ್ರೆ ನಮ್ಮ ಭಾಗದವರಿಗೆ ಹೊಸದಲ್ಲ. ಹುಮನಾಬಾದ್, ಬಸವಕಲ್ಯಾಣದ ಕಡೆ ಸನ್ಮಾನವೆಂದರೆ ಶಾಲು, ಹಾರ, ಜೊತೆಗೊಂದು ಬಿದರಿ ಹೂದಾನಿ. ಅದು ಶೋಕೇಸಿನೊಳಗೆ ಹೋದರೆ ಮತ್ತೆ ಹೊರಬರುವುದು ದೀಪಾವಳಿಗೆ ಧೂಳು ಒರೆಸುವಾಗ. ಆದರೆ ಅದನ್ನು ಮಾಡುವ ಕೆಲಸದಲ್ಲಿರುವಷ್ಟು ರಸಾಯನಶಾಸ್ತ್ರ ನಮ್ಮ ಹೈಸ್ಕೂಲು ಪ್ರಯೋಗಾಲಯಗಳಲ್ಲೂ ಇರಲಿಲ್ಲ. ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಮೈಯನ್ನು ಅರ ಹಾಕಿ ನುಣುಪು ಮಾಡಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ. ಉಳಿಯಿಂದ ಗೀರಿದ ಗೆರೆ ಬೆಳ್ಳಗೆ ಕಾಣಲಿ ಎಂದು ಈ ಉಪಾಯ. ಆಮೇಲೆ ಹೂಬಳ್ಳಿ ಕೆತ್ತಿ, ಆ ಸಂದಿಗೆ ಬೆಳ್ಳಿಯ ತಂತಿಯನ್ನೋ ತಗಡಿನ ತುಣುಕನ್ನೋ ಕೂರಿಸಿ ಸುತ್ತಿಗೆಯಿಂದ ಬಡಿದು, ಮತ್ತೆ ಅರ ಹಾಕುತ್ತಾರೆ.

ಈಗ ಬರುವುದೇ ನಾನು ಕಾಯುವ ಘಳಿಗೆ. ಉಜ್ಜಿ ಮುಗಿದಾಗ ಪಾತ್ರೆಯ ಮೈಯೂ ಬೂದು, ಬೆಳ್ಳಿಯೂ ಹೆಚ್ಚುಕಡಿಮೆ ಬೂದು. ಅಷ್ಟು ದಿನದ ಕೆತ್ತನೆ ಎಲ್ಲಿ ಹೋಯಿತೆಂದು ಹುಡುಕಬೇಕು. ಪಾತ್ರೆಯನ್ನು ಹದವಾಗಿ ಬಿಸಿ ಮಾಡಿ, ಬೀದರ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಕಲಸಿದ ಕೆಸರನ್ನು ಕೈಯಿಂದ ತಿಕ್ಕುತ್ತಾರೆ. ಸತುವಿನ ಮೈ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ತೊಳೆದು ಎಣ್ಣೆ ಸವರಿದರೆ ಕಪ್ಪು ಇನ್ನೂ ಗಾಢವಾಗುತ್ತದೆ. ಮಳೆ ಬಿಸಿಲು ಬೀಳದ ಜಾಗದ ಮಣ್ಣೇ ಆಗಬೇಕೆಂದು ಕುಶಲಕರ್ಮಿಗಳು ಹೇಳುತ್ತಾರೆ. ಅದನ್ನು ನಾಲಿಗೆಗೆ ಹಚ್ಚಿ ಪರೀಕ್ಷಿಸುವ ರೂಢಿಯೂ ಇದೆ.

ಯೂಟ್ಯೂಬಿನಲ್ಲಿ ಬಿದರಿಯ ವಿಡಿಯೊಗಳಿಗೆ ಬರವಿಲ್ಲ. ಆದರೆ ನಾನು ಕಂಡ ಬಹುಪಾಲು ವಿಡಿಯೊಗಳಲ್ಲಿ ಈ ಘಳಿಗೆ ಎರಡೇ ಸೆಕೆಂಡು. ಒಂದು ಕಟ್‌ನಲ್ಲಿ ಬೂದು, ಮುಂದಿನ ಕಟ್‌ನಲ್ಲಿ ಫಳಫಳ. ನಡುವೆ ಆ ಕೈ ಏನು ಮಾಡಿತು, ಕಪ್ಪು ಎಲ್ಲಿಂದ ಶುರುವಾಗಿ ಹೇಗೆ ಹಬ್ಬಿತು, ಎಂಬುದೆಲ್ಲ ಎಡಿಟಿಂಗ್ ಟೇಬಲ್ಲಿನ ಕೆಳಗೆ. ಅದರ ಮೇಲೆ ಬಾನ್ಸುರಿ, ಸಂತೂರು, ಡ್ರೋನಿನಿಂದ ಬೀದರ ಕೋಟೆ, ‘ಸಾವಿರಾರು ವರ್ಷಗಳ ಪರಂಪರೆ’ ಎಂಬ ಗಡಸು ಕಂಠ. ಬಹಮನಿಗಳ ಕಾಲಕ್ಕೆ ನಂಟಿರುವ ಕಲೆಗೆ ಸಾವಿರಾರು ವರ್ಷ ಎಲ್ಲಿಂದ ಬಂತೋ!

ಈ ಹಿನ್ನೆಲೆ ಸಂಗೀತದ ಪಂಥದವರ ಜೊತೆ ನನ್ನ ಜಗಳ ಹಳೆಯದು. ನೋಡುವವರಿಗೆ ಬೇಸರವಾಗುತ್ತದೆ ಎಂಬುದು ಅವರ ವಾದ. ಆಸ್ಟ್ರೇಲಿಯಾದ ಜಾನ್ ಪ್ಲ್ಯಾಂಟ್ 2015ರಿಂದ ‘ಪ್ರಿಮಿಟಿವ್ ಟೆಕ್ನಾಲಜಿ’ ಚಾನೆಲ್ಲಿನಲ್ಲಿ ಒಂದು ಮಾತೂ ಆಡದೆ, ಒಂದು ರಾಗವೂ ಹಾಕದೆ ಮಣ್ಣು ತುಳಿದು ಹೆಂಚು ಸುಡುತ್ತ ಬಂದಿದ್ದಾನೆ. ಕೇಳುವುದು ಮಣ್ಣಿನ ಪಚಪಚ, ಹಕ್ಕಿಯ ಕೂಗು. ಲಕ್ಷಾಂತರ ಮಂದಿ ಬಿಟ್ಟಕಣ್ಣು ಬಿಟ್ಟಂತೆ ನೋಡುತ್ತಾರೆ. ಬೇಸರವಾಗುವುದು ಕೆಲಸ ಕಾಣದಿದ್ದಾಗ.

‘ಹಾಗಾದರೆ “ಗ್ಲಾಸ್” ಕತೆ ಏನು?’ ಎಂದು ಬಲ್ಲವರು ಕೇಳುವುದು ಗೊತ್ತು. ಕೇಳಲಿ. ನೆದರ್‌ಲೆಂಡ್ಸಿನ ಬರ್ಟ್ ಹಾನ್‌ಸ್ಟ್ರಾ 1958ರಲ್ಲಿ ತೆಗೆದ, ಆಸ್ಕರ್ ಪಡೆದ ಆ ಪುಟ್ಟ ಚಿತ್ರ ನನ್ನ ಪಾಲಿನ ವೇದ. ಅದರ ತುಂಬ ಜಾಝ್ ಇದೆ, ನಿಜ. ಲೀರ್ಡಮ್‌ನ ಕಾರ್ಖಾನೆಯಲ್ಲಿ ಕುಶಲಿಗಳು ಕೊಳವೆಗೆ ಬಾಯಿಟ್ಟು ಗಾಜು ಊದುತ್ತಾರೆ. ಕೆನ್ನೆ ಉಬ್ಬುತ್ತದೆ, ಬೆರಳು ಕೊಳವೆಯನ್ನು ಹೊರಳಿಸುತ್ತದೆ, ಕೆಂಪು ಗಾಜಿನ ಮುದ್ದೆ ಹೂಜಿಯಾಗುತ್ತದೆ. ಜಾಝ್ ಆ ಉಸಿರಿಗೆ, ಆ ಬೆರಳಿಗೆ ತಾಳ ಹಾಕುತ್ತದೆ. ಆಮೇಲೆ ದೃಶ್ಯ ಯಂತ್ರಕ್ಕೆ ಹೊರಳುತ್ತದೆ. ಬಾಟಲಿಗಳು ಸಾಲಾಗಿ ಬರುತ್ತಿರುವಾಗ ಒಂದರ ಕತ್ತು ಮುರಿದು ಸಿಕ್ಕಿಕೊಳ್ಳುತ್ತದೆ. ಯಂತ್ರಕ್ಕೆ ಅದು ಗೊತ್ತಾಗುವುದಿಲ್ಲ. ಹಿಂದಿನ ಬಾಟಲಿ ಬಂದು ಬೀಳುತ್ತದೆ, ಒಡೆಯುತ್ತದೆ; ಅದರ ಹಿಂದಿನದೂ ಹಾಗೇ. ಕೊನೆಗೆ ಒಬ್ಬ ಮನುಷ್ಯ ಬಂದು ಅದನ್ನು ತೆಗೆದ ಮೇಲೇ ಸಾಲು ಸರಿಹೋಗುವುದು. ಇಷ್ಟಾದರೂ ನಿರೂಪಣೆಯ ಒಂದು ಮಾತಿಲ್ಲ. ಅಲ್ಲಿ ಸಂಗೀತ ಕೆಲಸವನ್ನು ನೋಡಿಕೊಂಡು ಕೂತಿದೆ. ನಮ್ಮ ಬಿದರಿ ರೀಲ್ಸಿನ ಸಂತೂರು ಯಾವ ರೆಸಾರ್ಟಿನ ಜಾಹೀರಾತಿಗೂ ಸಲ್ಲುತ್ತದೆ. ವ್ಯತ್ಯಾಸ ಇಷ್ಟೇ, ಮತ್ತು ಇದು ಸಣ್ಣ ವ್ಯತ್ಯಾಸವಲ್ಲ.

ಬೀದರದ ಬಿದರಿ ಕುಶಲಕರ್ಮಿ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಆ ಏಪ್ರಿಲ್‌ನಲ್ಲಿ ದೇಶದ ಫೋನುಗಳಲ್ಲೆಲ್ಲ ಅವರ ಕ್ಲಿಪ್ಪು ಹರಿದಾಡಿತು. ಯಾವುದು? ಸಮಾರಂಭದ ನಂತರ ಪ್ರಧಾನಿಯೊಡನೆ ಅವರು ಆಡಿದ ನಾಲ್ಕು ಮಾತು. ಆ ಪಕ್ಷದವರೂ ಹಂಚಿದರು, ಈ ಪಕ್ಷದವರೂ ಚರ್ಚಿಸಿದರು. ಉಳಿ ಹಿಡಿದ ಅವರ ಕೈಯನ್ನು ಅಷ್ಟೇ ಹೊತ್ತು ನೋಡಿದವರು ಎಷ್ಟು ಜನ?

ಆದ್ದರಿಂದ ನಿರ್ಣಾದ ಆ ಓದುಗರಿಗೂ, ಫೋನು ಇರುವ ನಮ್ಮ ಜಿಲ್ಲೆಯ ಹುಡುಗ ಹುಡುಗಿಯರಿಗೂ ಒಂದು ಕೋರಿಕೆ. ಬೀದರಕ್ಕೆ ಹೋದಾಗ ಬಿದರಿ ಕೆಲಸದವರೊಬ್ಬರ ಒಪ್ಪಿಗೆ ಪಡೆದು, ಅವರ ಕೆಲಸ ಕೆಡದಂತೆ ಒಂದು ಮೂಲೆಯಲ್ಲಿ ಕೂತು ಕಪ್ಪು ಹಚ್ಚುವುದನ್ನು ಮೊದಲಿನಿಂದ ಕೊನೆಯವರೆಗೆ ಚಿತ್ರೀಕರಿಸಿ. ಫೋನನ್ನು ಅಡ್ಡ ಹಿಡಿದು ಸ್ಟ್ಯಾಂಡಿಗೆ ಕಟ್ಟಿ. ಫ್ಲ್ಯಾಶ್ ಬೇಡ, ಬೆಳ್ಳಿ ಕಣ್ಣಿಗೆ ಹೊಡೆಯುತ್ತದೆ. ಕಿಟಕಿಯ ಬೆಳಕು ಸಾಕು. ಮಣ್ಣು ಯಾವ ಬುರುಜಿನದೆಂದು ಕೆದಕಬೇಡಿ, ಅದು ಅವರ ಅನ್ನ. ನೀವು ಮಾತಾಡಬೇಡಿ, ಸಂತೂರು ಹಾಕಬೇಡಿ, ಕಟ್ ಮಾಡಬೇಡಿ. ಇಪ್ಪತ್ತು ನಿಮಿಷವಾದರೆ ಇಪ್ಪತ್ತು ನಿಮಿಷ. ಲಿಂಕ್ ಕಳಿಸಿ, ನೋಡಿ ಇಲ್ಲೇ ಬರೆಯುತ್ತೇನೆ.