ಹೊಳೆಯನ್ನು ಗುಡ್ಡದ ಮೇಲಿಂದ ನೋಡಬೇಕು

ಗಂಗಾವತಿ ಕಡೆಗೆ ತಿರುಗಾಟಕ್ಕೆ ಬರುವವರ ದಿನಚರಿ ಬಹುಮಟ್ಟಿಗೆ ಒಂದೇ ಅಚ್ಚಿನದು. ಬೆಳಿಗ್ಗೆ ಅಂಜನಾದ್ರಿಯ 575 ಮೆಟ್ಟಿಲು ಹತ್ತಿ ಇಳಿಯುವುದು, ಮಧ್ಯಾಹ್ನ ಸಾಣಾಪುರದ ಕಡೆ ಹೋಗಿ ತುಂಗಭದ್ರೆಯಲ್ಲಿ ಮುಳುಗೇಳುವುದು. ಗುಡ್ಡದಲ್ಲಿ ಮೆಟ್ಟಿಲು ಬಿಟ್ಟು ಯಾರೂ ಅತ್ತಿತ್ತ ಕಾಲಿಡುವುದಿಲ್ಲ. ಹೊಳೆಗೆ ಮಾತ್ರ ಎಲ್ಲೆಂದರಲ್ಲಿ ಇಳಿಯುತ್ತಾರೆ. ಇದು ಅದಲುಬದಲಾಗಬೇಕು ಎಂಬುದು ನನ್ನ ವಾದ. ಈ ಸೀಮೆಯಲ್ಲಿ ಮನಸಾರೆ ಅಲೆದಾಡಬೇಕಾದ್ದು ಗುಡ್ಡಗಳಲ್ಲಿ. ಹೊಳೆಯನ್ನು ಬಂಡೆಯ ನೆತ್ತಿಯಿಂದ ನೋಡಬೇಕು, ಬೇಕಾದರೆ ಹರಿಗೋಲಿನಲ್ಲಿ ದಾಟಬೇಕು. ಈಜಿನ ಆಸೆಗೆ ಬೇರೆ ಕೆರೆ ಬಾವಿಗಳನ್ನು ಹುಡುಕಿಕೊಳ್ಳಬೇಕು.

ಮೊದಲು ಹೊಳೆಯ ವಿಚಾರ. ಆನೆಗೊಂದಿಯ ಮುಂದೆ ಹರಿಯುವ ತುಂಗಭದ್ರೆಯ ಏರಿಳಿತ ಇಲ್ಲಿನ ಮೋಡ ನೋಡಿದರೆ ತಿಳಿಯುವಂಥದ್ದಲ್ಲ. ಮಳೆ ಬೀಳುವುದು ಮಲೆನಾಡಿನಲ್ಲಿ, ನೀರು ನಿಲ್ಲುವುದು ಮುನಿರಾಬಾದಿನ ಅಣೆಕಟ್ಟೆಯಲ್ಲಿ, ಅದನ್ನು ಬಿಡುವುದು 33 ಗೇಟುಗಳ ಮೂಲಕ. ಹೀಗಾಗಿ ನೆತ್ತಿ ಸುಡುವ ಬಿಸಿಲಿನಲ್ಲೂ ಹೊಳೆ ತುಂಬಿ ಬರಬಹುದು. 2019ರ ಆಗಸ್ಟ್‌ನಲ್ಲಿ ನೀರು ಏರಿದಾಗ ಹೊಳೆಯ ನಡುಗಡ್ಡೆಯಾದ ವಿರೂಪಾಪುರಗಡ್ಡೆಯಲ್ಲಿ ನೂರಾರು ಪ್ರವಾಸಿಗರು ಸಿಕ್ಕಿಬಿದ್ದರು; ಅವರನ್ನು ಈಚೆ ತರಲು ದೋಣಿ ಸಾಲದೆ ಹೆಲಿಕಾಪ್ಟರ್ ಬರಬೇಕಾಯಿತು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ಕಡಿದು ಗೇಟೇ ಕೊಚ್ಚಿಹೋದಾಗ, ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ಎತ್ತಿ ಒಂದು ಲಕ್ಷ ಕ್ಯುಸೆಕ್ ಆಸುಪಾಸಿನ ನೀರನ್ನು ಹೊಳೆಗೆ ಬಿಟ್ಟರು. ಇವು ಅಪರೂಪದ ಘಟನೆಗಳು, ಬೇಸಿಗೆಯ ತಿಳಿನೀರಿಗೂ ಇದಕ್ಕೂ ಏನು ಸಂಬಂಧ ಎನ್ನಬಹುದು. ಆದರೆ ಇಲ್ಲಿನ ಪಾತ್ರದ ಗುಣವೇ ಬೇರೆ. ಮರಳಿನ ಸಮತಟ್ಟು ಇದ್ದಕ್ಕಿದ್ದಂತೆ ಮುಗಿದು, ನೀರು ಇಕ್ಕಟ್ಟಾದ ಕಲ್ಲಿನ ಸಂದುಗಳಲ್ಲಿ ನುಗ್ಗುತ್ತದೆ. ಮೇಲ್ನೋಟಕ್ಕೆ ಶಾಂತವಾಗಿ ಕಾಣುವ ಕಡೆ ಬಂಡೆಯ ಅಡಿಯಲ್ಲಿ ಪೊಟರೆಗಳಿರುತ್ತವೆ, ಸುಳಿ ಅಲ್ಲಿಗೇ ಎಳೆಯುತ್ತದೆ. 2025ರ ಫೆಬ್ರುವರಿಯಲ್ಲಿ, ಅಂದರೆ ಮಳೆಗಾಲ ಮುಗಿದು ತಿಂಗಳುಗಳೇ ಆದ ಮೇಲೆ, ಸಾಣಾಪುರದ ಬಳಿ ಬಂಡೆಯಿಂದ ಜಿಗಿದ ಹೈದರಾಬಾದಿನ ಯುವ ವೈದ್ಯೆಯೊಬ್ಬರು ಹೀಗೆಯೇ ತೀರಿಕೊಂಡರು. ಈಜು ಬಲ್ಲವರಿಗೂ ಈ ಕಲ್ಲುಗಳ ಒಳಗು ತಿಳಿದಿರುವುದಿಲ್ಲ.

ಅಪಾಯವನ್ನು ಬದಿಗಿಟ್ಟರೂ ಇನ್ನೊಂದು ಕಾರಣ ಉಳಿಯುತ್ತದೆ. ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ಸರ್ಕಾರ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದೆ. ರಾಜ್ಯದಲ್ಲಿ ನೀರುನಾಯಿಗೆಂದೇ ಮೀಸಲಾದ ಮೊದಲ ತಾಣವಿದು. ನೀರುನಾಯಿಗೆ ಬೇಕಾದ್ದು ಮೀನು, ಮರಿ ಹಾಕಲು ಬಂಡೆಯ ಪೊಟರೆ, ಮೈ ಒಣಗಿಸಿಕೊಳ್ಳಲು ಮರಳಿನ ದಂಡೆ, ಅಡಗಲು ಆಪಿನ ಪೊದೆ. ಪ್ರವಾಸಿಗರು ಚಾಪೆ ಹಾಸಿ, ಸ್ಪೀಕರ್ ಹಚ್ಚಿ ಕೂರಲು ಆರಿಸಿಕೊಳ್ಳುವುದೂ ಅದೇ ದಂಡೆಯನ್ನೇ. ಮರಳು ತೆಗೆಯುವವರು, ಸಿಡಿಮದ್ದು ಹಾಕಿ ಮೀನು ಹಿಡಿಯುವವರು ಮಾಡುವ ಹಾನಿಯ ಮುಂದೆ ಇದು ಏನು ಮಹಾ ಎಂದು ಯಾರಾದರೂ ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ಅವರನ್ನು ತಡೆಯಲು ಕಾನೂನಿದೆ, ಕಾವಲಿದೆ. ನಮ್ಮ ನಿಮ್ಮಂಥವರನ್ನು ತಡೆಯಲು ನಮ್ಮ ಅಭಿರುಚಿಯೇ ಇರಬೇಕು. ಮೀಸಲು ಎಂದರೆ ಊರವರನ್ನು ಹೊರಗೆ ಹಾಕುವ ಹುನ್ನಾರ ಎಂಬ ಗುಮಾನಿಗೂ ಉತ್ತರವಿದೆ. ವನ್ಯಜೀವಿ ಕಾಯ್ದೆಗೆ 2002ರ ತಿದ್ದುಪಡಿ ತಂದ ಈ ‘ಸಂರಕ್ಷಣಾ ಮೀಸಲು’ ಅಭಯಾರಣ್ಯಕ್ಕಿಂತ ಸಡಿಲ. ಸ್ಥಳೀಯರೊಂದಿಗೆ ಮಾತಾಡಿಯೇ ಇದನ್ನು ಘೋಷಿಸಬೇಕು, ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯತಿಯ ಪ್ರತಿನಿಧಿಗಳಿರಬೇಕು. ಹೊಳೆದಂಡೆಯ ಊರಿನವರಿಗೆ ಇಷ್ಟು ಬಲವಾದ ಆಯುಧ ಬೇರೊಂದಿಲ್ಲ. ಅದನ್ನು ಹಿಡಿದವರು ಕಡಿಮೆ.

ನೀರನ್ನು ಮುಟ್ಟದೆ ಹೊಳೆ ನೋಡುವುದು ಮದುವೆಗೆ ಹೋಗಿ ಊಟ ಬಿಟ್ಟು ಬಂದಂತೆ ಎನ್ನುವವರಿಗೆ ಹರಿಗೋಲು ಇದೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಯ ಕಡವಿನಲ್ಲಿ ಕಂಡದ್ದೂ ಇದನ್ನೇ: ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ, ಬುಟ್ಟಿಯ ಹಾಗೆ ದುಂಡಗಿನ ದೋಣಿ. ಚರ್ಮ ಹೋಗಿ ಪ್ಲಾಸ್ಟಿಕ್ ಹಾಳೆ ಬಂದಿದೆ. ಆಕಾರ ಐನೂರು ವರ್ಷದಲ್ಲಿ ಬದಲಾಗಿಲ್ಲ. ಚಪ್ಪಟೆ ತಳದ ಹರಿಗೋಲು ಮೊಣಕಾಲುದ್ದದ ನೀರಿನಲ್ಲೂ ತೇಲುತ್ತದೆ, ಬಂಡೆಗೆ ತಗುಲಿದರೆ ಗಿರ್ರನೆ ತಿರುಗಿ ದಾರಿ ಬಿಡುತ್ತದೆ. ಈ ಹೊಳೆಗೆ ಹೇಳಿ ಮಾಡಿಸಿದ ವಾಹನ. ಲೈಫ್ ಜಾಕೆಟ್ ಕೊಡುವ ಅಂಬಿಗರ ಜೊತೆ, ಹೊಳೆ ಇಳಿದಿರುವ ತಿಂಗಳುಗಳಲ್ಲಿ, ಗೊತ್ತಾದ ಕಡವಿನಿಂದ ಹೋದರೆ ಹೊಳೆಯ ಸಹವಾಸಕ್ಕೆ ಅಷ್ಟು ಸಾಕು. (ಹರಿಗೋಲನ್ನು ಬುಗುರಿ ಮಾಡಿ ತಿರುಗಿಸಿ ಕಿರುಚಿಸುವ ಆಟದ ಬಗ್ಗೆ ನನಗೆ ಹೇಳಲು ಒಳ್ಳೆಯ ಮಾತಿಲ್ಲ.)

ಈಗ ಗುಡ್ಡ. ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟು ಇಲ್ಲಿ ಬಿಸಿಲಿಗೆ ಹಿಗ್ಗಿ, ಚಳಿಗೆ ಕುಗ್ಗಿ, ಪದರ ಪದರವಾಗಿ ಸುಲಿದು ಗುಂಡುಗಳ ರಾಶಿಯಾಗಿದೆ. ಆ ಸುಲಿತದ ಮರ್ಮ ಹಿಡಿದವರು ಗಂಗಾವತಿಯಿಂದ ಹತ್ತು ಕಿಲೋಮೀಟರ್ ಆಚೆ, ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಕೆಲಸ ಮಾಡಿದ ಕಬ್ಬಿಣ ಯುಗದ ಜನ. ತಾನಾಗಿ ಬಿಟ್ಟುಕೊಂಡ ಕಲ್ಲಿನ ಪದರಗಳನ್ನೇ ಚಪ್ಪಡಿಯಾಗಿ ಎಬ್ಬಿಸಿ, ಗೋಡೆ ನಿಲ್ಲಿಸಿ, ಮೇಲೆ ಮುಚ್ಚಳವಿಟ್ಟು, ಎದುರಿನ ಚಪ್ಪಡಿಯಲ್ಲಿ ದುಂಡಗಿನ ಕಿಂಡಿ ಕೊರೆದು ಸತ್ತವರಿಗಾಗಿ ಮನೆ ಕಟ್ಟಿದರು. ಇಂಥ ರಚನೆಗಳು ಅಲ್ಲಿ ಸುಮಾರು 400 ಇವೆ. ಊರವರಿಗೆ ಅದು ಮೋರ್ಯರ ಗುಡ್ಡ. ಹತ್ತಿರದಲ್ಲೇ ಅವರ ಕಲ್ಲುಗಣಿ, ಮಳೆನೀರು ನಿಲ್ಲುವ ಹೊಂಡ, ಬಂಡೆಯ ಆಸರೆಯಲ್ಲಿ ಕೆಂಪು ಬಣ್ಣದ ಚಿತ್ರಗಳು, ಎತ್ತರದ ಗುಂಡಿನ ಮೇಲೆ ಬಡಿದರೆ ದೂರಕ್ಕೆ ಕೇಳುವ ಕಲ್ಲಿನ ನಗಾರಿ. 19ನೇ ಶತಮಾನದಲ್ಲೇ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಇದನ್ನು ಬರೆದಿಟ್ಟ. 2021ರಲ್ಲಿ ಇದು ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿತು. ಇಷ್ಟಿದ್ದೂ ಅಲ್ಲಿಗೆ ಹೋಗಬೇಕಾದ್ದು ಕಲ್ಲು ಮುಳ್ಳಿನ ಕಾಲುದಾರಿಯಲ್ಲಿ ಏರಿಯೇ. ಅದು ಕೊರತೆಯಲ್ಲ. ಆ ಏರಿನಲ್ಲಿ ಕಲ್ಲು ಹೇಗೆ ಬಿರಿಯುತ್ತದೆ ಎಂದು ನೋಡುತ್ತ ಹೋದವರಿಗೆ ಮೇಲಿನ ಚಪ್ಪಡಿಗಳು ಎಲ್ಲಿಂದ ಬಂದವು ಎಂದು ಯಾರೂ ವಿವರಿಸಬೇಕಾಗಿಲ್ಲ.

ಗುಡ್ಡದಲ್ಲೂ ಕರಡಿ, ಚಿರತೆ ಇಲ್ಲವೇ, ಬಿಸಿಲಿಲ್ಲವೇ? ಇವೆ. ಆದರೆ ಇವುಗಳ ಹೊತ್ತು ಗೊತ್ತು ತಿಳಿದಿದೆ. ನವೆಂಬರಿನಿಂದ ಜನವರಿಯೊಳಗೆ, ಬೆಳಕು ಹರಿದ ಮೇಲೆ ಹೊರಟು, ಊರಿನವರೊಬ್ಬರನ್ನು ಜೊತೆ ಮಾಡಿಕೊಂಡು, ಬಿಸಿಲೇರುವ ಮೊದಲು ಇಳಿದರೆ ಅಪಾಯ ಬಹಳ ತಗ್ಗುತ್ತದೆ. ಅಣೆಕಟ್ಟೆಯ ಗೇಟಿನ ಜೊತೆ ಇಂಥ ಒಪ್ಪಂದ ಸಾಧ್ಯವಿಲ್ಲ. ಜನ ನುಗ್ಗಿದರೆ ಗುಡ್ಡವೂ ಕೆಡುತ್ತದೆ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿ. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಚಾರಣಿಗರು ಮುಗಿಬಿದ್ದಾಗ ಅದು ಕಣ್ಣಿಗೆ ರಾಚಿತು. ಆಮೇಲೆ ಅರಣ್ಯ ಇಲಾಖೆ ಮುಂಗಡ ಬುಕಿಂಗ್ ಮತ್ತು ದಿನಕ್ಕಿಷ್ಟೇ ಜನ ಎಂಬ ಮಿತಿ ತಂದಿತು. ಹಿರೇಬೆಣಕಲ್ಲಿಗೆ ಆ ಏರ್ಪಾಟು ಗದ್ದಲವಾಗುವ ಮೊದಲೇ ಬರಲಿ.

ನಡೆಯಲಾಗದವರ ಗತಿಯೇನು ಎಂಬ ಪ್ರಶ್ನೆ ತೂಕದ್ದು. ಅಂಜನಾದ್ರಿ ನಂಬಿಕೆಯ ತಾಣ. ವಯಸ್ಸಾದ ಭಕ್ತರು ಮೇಲೇರಬೇಕು. 2022ರ ಬಜೆಟ್ಟಿನಲ್ಲಿ ಅದಕ್ಕೆಂದು 100 ಕೋಟಿ ರೂಪಾಯಿ ಪ್ರಕಟವಾಯಿತು, ರೋಪ್‌ವೇ ಮಾತೂ ಬಂತು. ಅಲ್ಲಿ ನನ್ನ ತಕರಾರಿಲ್ಲ. ಅದೇ ಉತ್ಸಾಹದಲ್ಲಿ ಮೋರ್ಯರ ಗುಡ್ಡಕ್ಕೆ ಟಾರು ರಸ್ತೆ ಎಳೆದರೆ, ವಿರೂಪಾಪುರಗಡ್ಡೆಯಲ್ಲಿ ಆದದ್ದು ನೆನಪಿರಲಿ: ದಾರಿ ಹಿಂದೆ ಅಂಗಡಿ, ಅಂಗಡಿ ಹಿಂದೆ ರೆಸಾರ್ಟು, ಕೊನೆಗೆ ಸುಪ್ರೀಂ ಕೋರ್ಟಿನ ತೀರ್ಪು, 2020ರ ಮಾರ್ಚ್‌ನಲ್ಲಿ ಜೆಸಿಬಿ. ದುಡಿಮೆ ಕಳೆದುಕೊಂಡವರಲ್ಲಿ ಊರಿನ ಹುಡುಗರೂ ಇದ್ದರು. ಇಲ್ಲಿಗೆ ಬೇಕಾದ್ದು ಇಷ್ಟೇ: ಗುಡ್ಡದ ಬುಡದವರೆಗೆ ಬಸ್ಸು, ಅಲ್ಲಿ ಕುಡಿಯುವ ನೀರು, ಹೆಸರು ಬರೆಸುವ ಒಂದು ಪುಸ್ತಕ, ತರಬೇತಿ ಪಡೆದು ಚೀಟಿ ಹಿಡಿದು ನಿಂತ ಅದೇ ಊರಿನ ಹತ್ತು ಮಂದಿ ದಾರಿತೋರುಗರು. ಇದಕ್ಕೆ ನೂರು ಕೋಟಿ ಬೇಕಾಗಿಲ್ಲ. ಒಂದು ಗ್ರಾಮ ಪಂಚಾಯತಿ ಮನಸ್ಸು ಮಾಡಿದರೆ ಮುಂದಿನ ಚಳಿಗಾಲಕ್ಕೆ ಶುರುವಾಗಬಹುದು.